ಕಾರಿನ ಜಿಪಿಎಸ್ ಡಬ್ಬಿ: ಎಷ್ಟು ನಂಬಬೇಕು, ಎಲ್ಲಿ ನಂಬಬಾರದು

ನಮ್ಮ ಸಂಘದ ಕಪಾಟಿನಲ್ಲಿ ದೀಪಾವಳಿಯ ಹಣತೆ, ರಂಗೋಲಿ ಪುಡಿ, ರಾಜ್ಯೋತ್ಸವದ ಬಾವುಟಗಳ ಪಕ್ಕದಲ್ಲೇ ಎರಡು ಹಳೆಯ ಗಾರ್ಮಿನ್ ಜಿಪಿಎಸ್ ಡಬ್ಬಿಗಳಿವೆ. ಓದು ಮುಗಿಸಿ ಬೇರೆ ಊರಿಗೆ ಹೊರಟ ಸೀನಿಯರ್‌ಗಳು ರೈಸ್ ಕುಕ್ಕರ್, ಹಾಸಿಗೆಗಳ ಜೊತೆ ಬಿಟ್ಟುಹೋದವು. ಪ್ರತಿ ಆಗಸ್ಟಿನಲ್ಲೂ ಹೊಸದಾಗಿ ಬಂದವರು ಅವನ್ನು ನೋಡಿ, "ಫೋನ್ ಇರೋವಾಗ ಇದ್ಯಾಕೆ?" ಅಂತ ಕೇಳ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಫೀನಿಕ್ಸ್ ಊರೊಳಗೆ ಓಡಾಡೋದಾದರೆ ಫೋನೇ ವಾಸಿ, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿ ಟ್ರಾಫಿಕ್ ಜಾಮ್ ಆಗಿದೆ, ಯಾವ ಅಂಗಡಿ ತೆರೆದಿದೆ ಅನ್ನೋದೆಲ್ಲ ಅದಕ್ಕೆ ಆಗಿಂದಾಗ್ಗೆ ತಿಳಿಯತ್ತೆ. ಆದರೆ ಅರಿಜೋನಾ ಅಂದರೆ ಫೀನಿಕ್ಸ್ ಒಂದೇ ಅಲ್ಲವಲ್ಲ. ಲಾಂಗ್ ವೀಕೆಂಡ್ ಬಂತು ಅಂದ್ರೆ ಐದು ಜನ ಸೇರಿ ಒಂದು ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ, ಡೆತ್ ವ್ಯಾಲಿ ಅಂತ ಹೊರಡ್ತೀವಿ. ಊರು ದಾಟಿದ ಮೇಲೆ ಫೋನಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಮಾಯವಾಗುತ್ತವೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಫೋನ್ ಕೂಡ ದಾರಿ ತೋರಿಸತ್ತೆ, ಯಾಕಂದರೆ ಅದರೊಳಗೂ ಜಿಪಿಎಸ್ ರಿಸೀವರ್ ಇದೆ. ಇಳಿಸಿಕೊಳ್ಳೋದನ್ನ ನೆನಪಿಟ್ಟುಕೊಳ್ಳೋರು ಯಾರು ಅನ್ನೋದೇ ಪ್ರಶ್ನೆ. ಜೊತೆಗೆ ಇಲ್ಲಿನ ಬೇಸಿಗೆಯ ಬಿಸಿಲಿಗೆ ಗಾಜಿನ ಹಿಂದೆ ಇಟ್ಟ ಫೋನ್ ಕಾದು ತಾನೇ ಆಫ್ ಆಗೋದನ್ನ ಇಲ್ಲಿ ಒಂದು ಬೇಸಿಗೆ ಕಳೆದ ಎಲ್ಲರೂ ನೋಡಿದ್ದಾರೆ. ಡಬ್ಬಿಯಲ್ಲಿ ಇಡೀ ದೇಶದ ನಕ್ಷೆ ಒಳಗೇ ಇರತ್ತೆ. ಅದಕ್ಕೆ ಇಂಟರ್‌ನೆಟ್ಟೂ ಬೇಡ, ಸಿಮ್ಮೂ ಬೇಡ, ತಿಂಗಳ ಬಿಲ್ಲೂ ಇಲ್ಲ.

ಹಾಗಾದರೆ ಅದಕ್ಕೆ ನಾವೆಲ್ಲಿದ್ದೀವಿ ಅಂತ ಹೇಗೆ ಗೊತ್ತಾಗತ್ತೆ? ಉಪಗ್ರಹಗಳು ನಮ್ಮನ್ನು ನೋಡುತ್ತಿವೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ, ಅವಕ್ಕೆ ನಾವು ಇರೋದೇ ಗೊತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತಾ, ಅವು ಸುಮ್ಮನೆ "ನಾನು ಇಂಥ ಉಪಗ್ರಹ, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು" ಅಂತ ರೇಡಿಯೋದಲ್ಲಿ ಸಾರುತ್ತಾ ಇರುತ್ತವೆ. ಕೇಳಿಸಿಕೊಂಡು ಲೆಕ್ಕ ಹಾಕೋದು ನಮ್ಮ ಡಬ್ಬಿಯ ಕೆಲಸ. ಮಳೆಗಾಲದಲ್ಲಿ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಅಂತ ಎಣಿಸಿ ಸಿಡಿಲು ಎಷ್ಟು ದೂರದಲ್ಲಿತ್ತು ಅಂತ ಹೇಳ್ತಿದ್ವಲ್ಲ, ಇದೂ ಅದೇ ಲೆಕ್ಕ. ಸಂದೇಶ ಹೊರಟ ಹೊತ್ತಿಗೂ ಬಂದು ಮುಟ್ಟಿದ ಹೊತ್ತಿಗೂ ಇರುವ ಅಂತರದಿಂದ ದೂರ ಸಿಗುತ್ತದೆ. ಇಲ್ಲಿ ಎಣಿಕೆ ಮಾತ್ರ ತುಂಬಾ ಸೂಕ್ಷ್ಮ: ಸಂದೇಶ ಕೆಳಗೆ ಬರಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಸಾಕು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರೋದು. ಡಬ್ಬಿಯಲ್ಲಿರೋದು ಅಗ್ಗದ ಗಡಿಯಾರ; ಅದರ ತಪ್ಪನ್ನು ಸರಿಪಡಿಸಿಕೊಳ್ಳೋಕೆ ಮೂರರ ಬದಲು ನಾಲ್ಕು ಉಪಗ್ರಹಗಳ ಮಾತು ಕೇಳುತ್ತದೆ.

ಫಿಸಿಕ್ಸ್ ಓದುವವರಿಗೆ ಒಂದು ಉಪಕಥೆ. ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಮೇಲಿರುವ ಆ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್‌ಗೂ ಹೆಚ್ಚು ತಪ್ಪು ಕೂಡಿಕೊಳ್ಳುತ್ತಿತ್ತು. ಅಂದರೆ ದಿನಸಿ ತರೋಕೆ ಹೋಗುವ ಕಾರಿನಲ್ಲೂ ಐನ್‌ಸ್ಟೈನ್ ಕೂತಿದ್ದಾರೆ!

ಈ ವ್ಯವಸ್ಥೆ ಅಮೆರಿಕದ ಸೇನೆಯದು. 2000ನೇ ಇಸವಿಯ ಮೇ ತಿಂಗಳವರೆಗೆ ಸಾಮಾನ್ಯ ಜನರಿಗೆ ಸಿಗುವ ಸಿಗ್ನಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿದ್ದರು. ನೂರು ಮೀಟರ್‌ವರೆಗೂ ತಪ್ಪಿರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಇಂಥ ಡಬ್ಬಿಗಳು ಮನೆಮಾತಾದವು. ನಮ್ಮ ಕಡೆಗೂ ಇಂಥದ್ದೇ ಒಂದಿದೆ: ಇಸ್ರೊದ ನಾವಿಕ್. ಅದರ ಉಪಗ್ರಹಗಳ ಮೇಲ್ವಿಚಾರಣೆಯಲ್ಲಿ ಹಾಸನದ ಕೇಂದ್ರದ ಪಾಲಿದೆ, ಸಂಚರಣೆ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಆದರೆ ಅದು ಭಾರತ ಮತ್ತು ಸುತ್ತಲಿನ ಸುಮಾರು 1,500 ಕಿಲೋಮೀಟರ್‌ಗೆ ಅಂತ ಮಾಡಿದ್ದು. ಇಲ್ಲಿ ಕೂತು ಹಾಸನದವರ ಸಹಾಯ ಕೇಳೋಕಾಗಲ್ಲ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಡಬ್ಬಿಯೊಳಗೆ ಎರಡು ಬೇರೆ ಬೇರೆ ವಿಷಯಗಳಿವೆ. "ನೀನು ಎಲ್ಲಿದ್ದೀಯ" ಅನ್ನೋದು ಆಕಾಶದಿಂದ ಬರುತ್ತದೆ. "ಅಲ್ಲಿಂದ ಹೇಗೆ ಹೋಗಬೇಕು" ಅನ್ನೋದು ಯಾರೋ ಯಾವಾಗಲೋ ತುಂಬಿಟ್ಟ ನಕ್ಷೆಯಿಂದ ಬರುತ್ತದೆ. ಮೊದಲನೆಯದು ಬಯಲಿನಲ್ಲಿ ಕೆಲವೇ ಮೀಟರ್ ಆಚೀಚೆ ಸರಿಯಾಗಿರುತ್ತದೆ. ದಾರಿ ತಪ್ಪಿಸೋದು ಹೆಚ್ಚಾಗಿ ಎರಡನೆಯದು. ಎರಡನ್ನೂ ಒಂದೇ ಹೆಂಗಸು ಒಂದೇ ಗಟ್ಟಿ ದನಿಯಲ್ಲಿ ಹೇಳೋದರಿಂದ ನಮಗೆ ವ್ಯತ್ಯಾಸ ಗೊತ್ತಾಗಲ್ಲ. ("ಹೀಲಾ ಬೆಂಡ್" ಅನ್ನಬೇಕಾದ ಊರನ್ನು ಆಕೆ "ಗಿಲಾ" ಅಂದರೆ ನಗಬೇಡಿ. ನಾವೂ ಮೊದಲ ಸೆಮಿಸ್ಟರ್‌ನಲ್ಲಿ ಹಾಗೇ ಅಂದವರೇ.)

ಮೊದಲನೆಯ ಭಾಗ ಸೋಲುವ ಜಾಗಗಳು ಕಡಿಮೆ. ಪಾರ್ಕಿಂಗ್ ಕಟ್ಟಡದ ಒಳಗೆ, ಡೌನ್‌ಟೌನ್ ಹತ್ತಿರ ಐ-10 ರಸ್ತೆ ಪಾರ್ಕಿನ ಅಡಿಯಲ್ಲಿ ಹೋಗುವ ಅರ್ಧ ಮೈಲಿಯ ಸುರಂಗದಲ್ಲಿ ಆಕಾಶ ಕಾಣಲ್ಲ. ಡಬ್ಬಿ ಬರೀ ಅಂದಾಜಿನಲ್ಲಿ ಕಾರನ್ನು ಮುಂದೆ ಓಡಿಸುತ್ತಿರುತ್ತದೆ. ಐ-17ರ ಪಕ್ಕದಲ್ಲೇ ಅಂಟಿಕೊಂಡು ಸಾಗುವ ಫ್ರಂಟೇಜ್ ರಸ್ತೆಯಲ್ಲಿದ್ದಾಗ, ನೀವು ಹೈವೇ ಮೇಲಿದ್ದೀರಿ ಅಂತ ಅದು ತಿಳಿಯಬಹುದು. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಡಬ್ಬಿ ಉಪಗ್ರಹಗಳನ್ನು ಮತ್ತೆ ಹುಡುಕಲು ಹಲವು ನಿಮಿಷ ತಗೊಳ್ಳಬಹುದು. ಉಪಗ್ರಹದಿಂದ ಮಾಹಿತಿ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಬರುತ್ತದೆ. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಹೊರಡುವ ಮುಂಚೆ ಬಯಲಲ್ಲಿ ಕಾರು ನಿಲ್ಲಿಸಿ, ಕಾಫಿ ಕುಡಿಯುವಷ್ಟು ಹೊತ್ತು ಕಾಯಿರಿ.

ಇನ್ನು ನಕ್ಷೆ ಮತ್ತು ವಿಳಾಸದ ವಿಷಯ. ಇಲ್ಲೇ ಇರೋದು ಕಷ್ಟ. ಬೆಂಗಳೂರಿನಲ್ಲಿ "5ನೇ ಮೇನ್, 5ನೇ ಕ್ರಾಸ್" ಅಂತ ಮಾತ್ರ ಹೇಳಿದರೆ ಆಟೋದವರು "ಯಾವ ಬಡಾವಣೆ ಸಾರ್?" ಅಂತ ಕೇಳ್ತಾರೆ. ಫೀನಿಕ್ಸ್‌ನಲ್ಲೂ ಅಂಥದ್ದೊಂದು ಗಂಟಿದೆ. ಊರಿನ ನಡುವೆ ಸೆಂಟ್ರಲ್ ಅವೆನ್ಯೂ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಅದರ ಪೂರ್ವಕ್ಕೆ ಇರುವ ನಂಬರಿನ ರಸ್ತೆಗಳು "ಸ್ಟ್ರೀಟ್", ಪಶ್ಚಿಮಕ್ಕೆ ಇರುವವು "ಅವೆನ್ಯೂ". 35ನೇ ಸ್ಟ್ರೀಟಿಗೂ 35ನೇ ಅವೆನ್ಯೂಗೂ ನಡುವೆ ಸುಮಾರು ಏಳು ಮೈಲಿ. ವಾಷಿಂಗ್‌ಟನ್ ಸ್ಟ್ರೀಟಿನ ಮೇಲಿದ್ದರೆ "ನಾರ್ತ್", ಕೆಳಗಿದ್ದರೆ "ಸೌತ್". ಈ ಎರಡು ಮಾತುಗಳನ್ನು ಬಿಟ್ಟು ನಂಬರ್ ಮಾತ್ರ ಒತ್ತಿದರೆ ಡಬ್ಬಿ ಆಟೋದವರ ಹಾಗೆ ತಿರುಗಿ ಕೇಳೋದಿಲ್ಲ. ಒಂದು ಪಟ್ಟಿ ಕೊಡುತ್ತೆ, ಅವಸರದಲ್ಲಿ ನಾವು ಮೊದಲನೆಯದನ್ನೇ ಒತ್ತುತ್ತೇವೆ. ಏರ್‌ಪೋರ್ಟಿಗೆ ಹೊಸಬರನ್ನು ಕರೆತರಲು, ಇಂಟರ್‌ವ್ಯೂಗೆ, ಡಾಕ್ಟರ್ ಹತ್ತಿರ ಹೋಗುವವರು ದಯವಿಟ್ಟು ಪಟ್ಟಿಯನ್ನು ಕೊನೆಯವರೆಗೆ ಓದಿ.

7ನೇ ಅವೆನ್ಯೂ ಮತ್ತು 7ನೇ ಸ್ಟ್ರೀಟಿನದ್ದು ಇನ್ನೊಂದು ತಮಾಷೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 6ರವರೆಗೆ ನಡುವಿನ ಲೇನಿನ ದಿಕ್ಕೇ ಬದಲಾಗುತ್ತದೆ. ಆಗ ದೊಡ್ಡ ಸಿಗ್ನಲ್‌ಗಳಲ್ಲಿ ಎಡಕ್ಕೆ ತಿರುಗುವಂತಿಲ್ಲ. ಡಬ್ಬಿಗೆ ಗಂಟೆ ಎಷ್ಟು ಅಂತ ಪರಮಾಣು ಗಡಿಯಾರದಷ್ಟು ಕರಾರುವಾಕ್ಕಾಗಿ ಗೊತ್ತು, ಆದರೆ ಈ ನಿಯಮ ಗೊತ್ತಿರಬೇಕು ಅಂತೇನಿಲ್ಲ. ಬೋರ್ಡು ಒಂದು ಹೇಳಿ ಡಬ್ಬಿ ಇನ್ನೊಂದು ಹೇಳಿದರೆ ಬೋರ್ಡೇ ಸರಿ. ಎಕ್ಸಿಟ್ ತಪ್ಪಿದರೆ ತಪ್ಪಲಿ. ಹೈವೇಯಲ್ಲಿ ಬ್ರೇಕ್ ಒತ್ತೋದು, ಹಿಂದಕ್ಕೆ ತೆಗೆಯೋದು, ನಾಲ್ಕು ಲೇನ್ ಅಡ್ಡ ಹಾಯೋದು ಬೇಡವೇ ಬೇಡ. ಅದು ಬೇಸರವಿಲ್ಲದೆ ಮುಂದಿನ ಎಕ್ಸಿಟ್‌ನಿಂದ ಹೊಸ ದಾರಿ ಹಾಕಿಕೊಡುತ್ತದೆ.

ದೂರದ ಪ್ರಯಾಣಕ್ಕೆ ಬರೋಣ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಸೌತ್ ರಿಮ್, ನಾರ್ತ್ ರಿಮ್ ಅಂತ ಎರಡು ಅಂಚುಗಳಿವೆ. ಹಕ್ಕಿ ಹಾರಿದರೆ ನಡುವೆ ಸುಮಾರು 10 ಮೈಲಿ. ಕಾರಿನಲ್ಲಿ 200 ಮೈಲಿಗೂ ಹೆಚ್ಚು, ಹತ್ತಿರ ಹತ್ತಿರ ಐದು ಗಂಟೆಯ ದಾರಿ! ರೂಮು ಒಂದು ಅಂಚಿನಲ್ಲಿ, ಡಬ್ಬಿಯಲ್ಲಿ ಒತ್ತಿದ್ದು ಇನ್ನೊಂದು ಅಂಚು ಅಂತಾದರೆ ಆ ದಿನ ಮುಗೀತು. ನಾರ್ತ್ ರಿಮ್ 8,000 ಅಡಿಗಿಂತ ಎತ್ತರದಲ್ಲಿದೆ, ಅಲ್ಲಿಗೆ ಹೋಗುವ 67ನೇ ಹೈವೇ ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚುತ್ತದೆ. ಹಳೆಯ ಡಬ್ಬಿಗೆ ಜನವರಿಯೂ ಒಂದೇ, ಜುಲೈಯೂ ಒಂದೇ. ಹೊರಡುವ ಮುಂಚೆ 511ಕ್ಕೆ ಫೋನ್ ಮಾಡಿ ರಸ್ತೆ ತೆರೆದಿದೆಯಾ ಅಂತ ಕೇಳಿಕೊಳ್ಳಿ.

ಡೆತ್ ವ್ಯಾಲಿಯದ್ದು ನಗುವ ಮಾತಲ್ಲ. 2009ರ ಆಗಸ್ಟಿನಲ್ಲಿ ಒಬ್ಬ ತಾಯಿ ಮತ್ತು ಮಗ ಜಿಪಿಎಸ್ ನಂಬಿಕೊಂಡು ಅಲ್ಲಿನ ಒಳದಾರಿಯಲ್ಲಿ ಹೋಗಿ, ಕಾರು ಮರಳಿನಲ್ಲಿ ಹೂತುಹೋಯಿತು. ಪಾರ್ಕಿನ ರೇಂಜರ್ ಕಂಡುಹಿಡಿಯುವಷ್ಟರಲ್ಲಿ ಹಲವು ದಿನ ಕಳೆದು, ಮಗು ಬಾಯಾರಿಕೆ, ಬಿಸಿಲಿಗೆ ತೀರಿಕೊಂಡಿತ್ತು. ಎಂದೋ ಪಾಳುಬಿದ್ದ ಗಣಿ ರಸ್ತೆಗಳು ಕೂಡ ಆಗಿನ ನಕ್ಷೆಗಳಲ್ಲಿ ರಸ್ತೆಗಳಾಗಿಯೇ ಉಳಿದಿದ್ದವು. ಅಲ್ಲಿ ಜಿಪಿಎಸ್ ಒಂದನ್ನೇ ನೆಚ್ಚಬೇಡಿ ಅಂತ ಪಾರ್ಕಿನವರೇ ಈಗಲೂ ಎಚ್ಚರಿಸುತ್ತಾರೆ. ಉಪಗ್ರಹಗಳು ಅಲ್ಲಿ ತಪ್ಪು ಹೇಳೋದಿಲ್ಲ; ಅಂಥ ಬಯಲಿನಲ್ಲಿ ನೀವು ಎಲ್ಲಿದ್ದೀರಿ ಅಂತ ಅಚ್ಚುಕಟ್ಟಾಗಿ ತಿಳಿಯುತ್ತದೆ. ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ನೆಲದ ಮೇಲೆ ರಸ್ತೆ ಇರಬೇಕಾಗಿಲ್ಲ, ಅಷ್ಟೆ.

ಆದ್ದರಿಂದ ಡಬ್ಬಿ ಕೈಗೆ ಬಂದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಎರಡು ಕೆಲಸ ಮಾಡಿ. ದಾರಿಯ ಆಯ್ಕೆ "ಶಾರ್ಟರ್ ಡಿಸ್ಟೆನ್ಸ್" ಅಂತ ಇದ್ದರೆ "ಫಾಸ್ಟರ್ ಟೈಮ್" ಮಾಡಿ. ಹತ್ತಿರದ ದಾರಿ ಅಂದರೆ ಕೆಲವೊಮ್ಮೆ ಕಲ್ಲುಮಣ್ಣಿನ ದಾರಿ. "ಅವಾಯ್ಡ್" ಪಟ್ಟಿಯಲ್ಲಿ "ಅನ್‌ಪೇವ್ಡ್ ರೋಡ್ಸ್" ಅನ್ನೋದಕ್ಕೆ ಟಿಕ್ ಹಾಕಿ. ಆಮೇಲೆ ಹೊರಡುವ ಮುಂಚೆ ಪೂರ್ತಿ ದಾರಿಯನ್ನು ಒಮ್ಮೆ ದೊಡ್ಡ ನಕ್ಷೆಯಲ್ಲಿ ನೋಡಿ, ಮುಖ್ಯ ಹೈವೇಗಳ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿಯಲ್ಲಿಲ್ಲದ ಕಚ್ಚಾ ರಸ್ತೆಗೆ ತಿರುಗು ಅಂತ ಅದು ಹೇಳಿದರೆ ತಿರುಗಬೇಡಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಡಿಕ್ಕಿಯಲ್ಲಿ ನೀರಿನ ಕ್ಯಾನುಗಳಿರಲಿ.

ಸಮಯದ ಬಗ್ಗೆ ಒಂದು ಮಾತು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಹಾಕುವುದಿಲ್ಲ, ಆದರೆ ನವಾಹೊ ನೇಶನ್‌ನಲ್ಲಿ ಹಾಕುತ್ತಾರೆ. ಮಾನ್ಯುಮೆಂಟ್ ವ್ಯಾಲಿ ಕಡೆ ಹೋಗುವಾಗ "ತಲುಪುವ ಸಮಯ" ಒಂದು ಗಂಟೆ ಆಚೀಚೆ ಆದರೆ ಗಾಬರಿ ಬೇಡ. ಟೂರ್ ಬುಕ್ ಮಾಡಿದ್ದರೆ ಯಾರ ಸಮಯ ಅಂತ ಕೇಳಿಕೊಂಡಿರಿ. ತಾರೀಖೇ ತಪ್ಪಿದ್ದರೆ ಕಾರಣ ಬೇರೆ. ಜಿಪಿಎಸ್ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. 2019ರ ಏಪ್ರಿಲ್ 6ರಂದು ಹಾಗಾಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಕೆಲವು ಹಳೆಯ ಡಬ್ಬಿಗಳು ಇನ್ನೂ ಇಪ್ಪತ್ತು ವರ್ಷ ಹಿಂದಿನ ಕಾಲದಲ್ಲೇ ಇವೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾಡೆಲ್ ಹೆಸರಿನ ಕೊನೆಯಲ್ಲಿ "ಎಲ್‌ಎಂ" ಇದೆಯಾ ನೋಡಿ; ಇದ್ದರೆ ನಕ್ಷೆ ಅಪ್‌ಡೇಟ್‌ಗೆ ದುಡ್ಡು ಕೊಡಬೇಕಿಲ್ಲ.

ಗಾಜಿಗೆ ಅಂಟಿಸುವಾಗ ರಸ್ತೆ ಮರೆಯಾಗಬಾರದು. ಕ್ಯಾಲಿಫೋರ್ನಿಯಾಗೆ ಹೋಗುವುದಾದರೆ ಅಲ್ಲಿನ ಕಾನೂನು ಜಾಗವನ್ನೇ ಅಳೆದು ಹೇಳಿದೆ: ಡ್ರೈವರ್ ಕಡೆಯ ಕೆಳಮೂಲೆಯಲ್ಲಿ 5 ಇಂಚಿನ ಚೌಕ, ಇಲ್ಲವೇ ಪಕ್ಕದ ಸೀಟಿನ ಕಡೆಯ ಕೆಳಮೂಲೆಯಲ್ಲಿ 7 ಇಂಚಿನ ಚೌಕ. ವಿಳಾಸ ಒತ್ತುವುದು ಕಾರು ನಿಂತಾಗ, ಅಥವಾ ಪಕ್ಕದವರ ಕೆಲಸ. ಇಳಿಯುವಾಗ ಡಬ್ಬಿಯನ್ನು ಜೊತೆಗೆ ತಗೊಂಡು ಹೋಗಿ, ಬಿಸಿಲಿಗೆ ಬ್ಯಾಟರಿಯೂ ಕೆಡುತ್ತದೆ, ಕಳ್ಳರ ಕಣ್ಣೂ ಬೀಳುತ್ತದೆ. ಅದರಲ್ಲಿ "ಹೋಮ್" ಅಂತ ನಿಮ್ಮ ಮನೆ ನಂಬರ್ ಹಾಕಬೇಡಿ, ಹತ್ತಿರದ ಪೆಟ್ರೋಲ್ ಬಂಕ್ ಹಾಕಿ. ಅಲ್ಲಿಂದ ಮನೆ ನಿಮಗೆ ಗೊತ್ತೇ ಇರತ್ತಲ್ಲ.

ಕೊನೆಯದಾಗಿ, ಎಲ್ಲರೂ ಒಮ್ಮೆ ಒತ್ತಿ ನೋಡಬೇಕಾದ ಒಂದು ಜಾಗ. ನಕ್ಷೆಯ ಮೇಲಿರುವ ಪುಟ್ಟ ಕಾರಿನ ಚಿತ್ರ ಮುಟ್ಟಿದರೆ "ವೇರ್ ಆ್ಯಮ್ ಐ" ಅನ್ನುವ ಪುಟ ಬರುತ್ತದೆ. ಅದರಲ್ಲಿ ನೀವಿರುವ ಜಾಗದ ಅಕ್ಷಾಂಶ ರೇಖಾಂಶ, ಹತ್ತಿರದ ಆಸ್ಪತ್ರೆ, ಪೊಲೀಸ್ ಠಾಣೆ, ಪೆಟ್ರೋಲ್ ಬಂಕ್ ಇರುತ್ತವೆ. ಅಪಘಾತವಾಗಿ 911ಕ್ಕೆ ಕರೆ ಮಾಡಿದಾಗ "ಎಲ್ಲಿದ್ದೀರಿ?" ಅಂತ ಅವರು ಮೊದಲು ಕೇಳ್ತಾರೆ. ಆಗ ಆ ಎರಡು ಸಂಖ್ಯೆಗಳನ್ನು, ರಸ್ತೆ ಬದಿಯ ಮೈಲಿಗಲ್ಲಿನ ನಂಬರನ್ನು ಓದಿ ಹೇಳಿ. 911 ಕರೆಯನ್ನು ಸಿಕ್ಕ ಯಾವ ಕಂಪನಿಯ ನೆಟ್‌ವರ್ಕ್ ಆದರೂ ಸಾಗಿಸಬೇಕು ಅನ್ನೋದು ಇಲ್ಲಿನ ನಿಯಮ. ಹಾಗಾಗಿ ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಪ್ರಯತ್ನ ಬಿಡಬೇಡಿ.

ಡಬ್ಬಿ ಬೇಕಾದವರು ಕಮಿಟಿಯವರಿಗೆ ಎರಡು ದಿನ ಮುಂಚೆ ತಿಳಿಸಿ. ವಾಪಸ್ ಕೊಡುವಾಗ ಅದರದೇ ಚಾರ್ಜರ್ ಕೊಡಿ. ಮಾಮೂಲಿ ಯುಎಸ್‌ಬಿ ವೈರ್ ಹಾಕಿದರೆ ಅದು ಕಂಪ್ಯೂಟರಿಗೆ ಸೇರಿಸಿದ್ದಾರೆ ಅಂದುಕೊಂಡು ನಕ್ಷೆ ತೋರಿಸೋದನ್ನೇ ನಿಲ್ಲಿಸಿಬಿಡುತ್ತೆ.