‘ಒಪ್ಪಿಗೆ’ ಎಂದು ಒತ್ತುವ ಮುನ್ನ

ರಾತ್ರಿ ಮಲಗುವ ಮುನ್ನ ಮನೆಯ ಬಾಗಿಲಿಗೆ ಅಗಳಿ ಹಾಕಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪರಿಚಿತನೊಬ್ಬನು ಬೀದಿಯಲ್ಲಿ ನಿಲ್ಲಿಸಿ, ನಿಮ್ಮ ನಂಟರಿಷ್ಟರ ಹೆಸರುಗಳನ್ನೂ ನೀವು ದಿನವೂ ಹೋಗಿಬರುವ ಸ್ಥಳಗಳನ್ನೂ ಕೇಳಿದರೆ ನೀವು ಹೇಳಲಾರಿರಿ. ಆದರೆ ಅದನ್ನೇ ಕೈಯಲ್ಲಿರುವ ಮೊಬೈಲು ಕೇಳಿದಾಗ ಕ್ಷಣಮಾತ್ರವೂ ಯೋಚಿಸದೆ ‘ಒಪ್ಪಿಗೆ’ ಎಂದು ಒತ್ತಿಬಿಡುತ್ತೀರಿ. ಹೀಗಾಗುವುದೇಕೆ?

ಅಜ್ಞಾನವೊಂದೇ ಕಾರಣವೆನ್ನಲಾಗದು, ಬಲ್ಲವರೂ ಹೀಗೆಯೇ ಮಾಡುತ್ತಾರೆ. ಮೊದಲನೆಯದಾಗಿ, ಇಲ್ಲಿ ಲಾಭ ಕೂಡಲೇ ದೊರೆಯುತ್ತದೆ, ನಷ್ಟ ಎಂದೋ ಬರುತ್ತದೆ. ಬಂದಾಗಲೂ ಯಾವ ಬಾಗಿಲಿನಿಂದ ಬಂದಿತೆಂಬುದು ತಿಳಿಯುವುದಿಲ್ಲ. ಎರಡನೆಯದಾಗಿ, ಒಪ್ಪಿಕೊಳ್ಳಬೇಕಾದ ನಿಯಮಗಳ ಉದ್ದ. ಒಬ್ಬನು ವರ್ಷದಲ್ಲಿ ನೋಡುವ ಅಂತರಜಾಲ ತಾಣಗಳ ಇಂಥ ನಿಯಮಗಳನ್ನೆಲ್ಲ ಓದಲು ಸುಮಾರು ೨೪೪ ಗಂಟೆಗಳು ಬೇಕೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ೨೦೦೮ರಲ್ಲಿ ಲೆಕ್ಕ ಹಾಕಿದರು. ಸಂಸಾರಸ್ಥರಿಗೆ ಅಷ್ಟು ಬಿಡುವೆಲ್ಲಿಯದು?

ಮೂರನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ‘ಮುಚ್ಚಿಡುವಂಥದು ನನ್ನಲ್ಲೇನಿದೆ?’ ಎನ್ನುತ್ತೇವೆ. ಆದರೆ ನಾವು ಕೊಡುವುದು ನಮ್ಮದನ್ನು ಮಾತ್ರವಲ್ಲ. ಫೇಸ್‌ಬುಕ್ಕಿನಲ್ಲಿ ಹಿಂದೆ ‘ದಿಸ್ ಈಸ್ ಯುವರ್ ಡಿಜಿಟಲ್ ಲೈಫ್’ ಎಂಬ, ಸ್ವಭಾವವನ್ನು ಪರೀಕ್ಷಿಸುವ ಆ್ಯಪ್ ಒಂದಿತ್ತು. ಅದು ತನ್ನನ್ನು ಬಳಸಿದವರ ವಿವರಗಳ ಜೊತೆಗೆ ಅವರ ಸ್ನೇಹಿತರ ವಿವರಗಳನ್ನೂ ಸೆಳೆದುಕೊಂಡಿತು. ಹೀಗೆ ಕಲೆಹಾಕಿದ ಮಾಹಿತಿ, ಚುನಾವಣೆಗಳಲ್ಲಿ ಸಲಹೆ ನೀಡುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈಸೇರಿತು. ೨೦೧೮ರಲ್ಲಿ ಫೇಸ್‌ಬುಕ್ ಸಂಸ್ಥೆಯೇ ತಿಳಿಸಿದಂತೆ, ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು ಕೇವಲ ೩೩೫ ಮಂದಿ. ವಿವರ ಸೋರಿರಬಹುದಾದವರು ಸುಮಾರು ೫ ಲಕ್ಷ ೬೨ ಸಾವಿರ ಮಂದಿ! ಅವರಲ್ಲಿ ಹೆಚ್ಚಿನವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಖಾಸಗಿತನವು ನಮ್ಮ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ನೆಯ ಆಗಸ್ಟ್ ೨೪ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ೨೦೧೨ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ ಎಂಬತ್ತು ದಾಟಿತ್ತು.

ಹಿರಿಯರೊಬ್ಬರು ಅಷ್ಟು ಶ್ರಮಪಟ್ಟು ಉಳಿಸಿಕೊಟ್ಟುದನ್ನು ನಾವು ಒಂದು ಬೆರಳಿನಿಂದ ಬಿಟ್ಟುಕೊಡಬಹುದೆ? ಟಾರ್ಚು ಬೆಳಗಿಸುವ ಆ್ಯಪ್ ನಿಮ್ಮ ಬಂಧುಗಳ ನಂಬರುಗಳನ್ನು ಕೇಳಿದರೆ, ‘ದೀಪಕ್ಕೆ ಇದೇಕೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಉತ್ತರ ಹೊಳೆಯದಿದ್ದರೆ ‘ಬೇಡ’ ಎಂದು ಒತ್ತಿರಿ. ಆ ನಂಬರುಗಳು ನಿಮ್ಮನ್ನು ನಂಬಿದವರು ಕೊಟ್ಟವು.