ಗಣಿಕೆ ಸೊಪ್ಪು: ಎಲೆಯೂ ಔಷಧವೂ

ಗಣಿಕೆ ಸೊಪ್ಪು ಹುಟ್ಟದ ಹಿತ್ತಿಲು ನಮ್ಮ ಕಾಸರಗೋಡಿನ ಕಡೆಯಲ್ಲಿ ವಿರಳ. ಬಚ್ಚಲ ನೀರು ಹರಿಯುವಲ್ಲಿ, ಹಟ್ಟಿಯ ಗೊಬ್ಬರದ ಬದಿಯಲ್ಲಿ, ಯಾರೂ ನೆಡದೆ ಅದು ತಾನಾಗಿ ಬೆಳೆಯುತ್ತದೆ. ಬಾಯಿಹುಣ್ಣಾದಾಗ ಅದರ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುವುದು ಹಿರಿಯರಿಂದ ಬಂದ ವಾಡಿಕೆ. ಮಲಯಾಳಿಗಳು ಇದನ್ನು ಮಣಿತ್ತಕ್ಕಾಳಿ ಎನ್ನುತ್ತಾರೆ. ತಮಿಳರಿಗೆ ಇದು ಮಣತ್ತಕ್ಕಾಳಿ. ತೆಲುಗಿನ ಕಾಮಂಚಿ ಸಂಸ್ಕೃತದ ಕಾಕಮಾಚಿಯ ನೆನಪನ್ನು ತರುತ್ತದೆ. ತಕ್ಕಾಳಿ ಎಂದರೆ ಇಂದು ಟೊಮೇಟೊ. ಸಸ್ಯಶಾಸ್ತ್ರದಲ್ಲಿಯೂ ಇವೆರಡೂ ಬದನೆ, ಬಟಾಟೆ, ಮೆಣಸಿನಕಾಯಿ, ಹೊಗೆಸೊಪ್ಪುಗಳೊಡನೆ ಒಂದೇ ಕುಟುಂಬಕ್ಕೆ ಸೇರಿದವು.

ಈ ಸೊಪ್ಪಿನ ವಿಚಾರವಾಗಿ ನಾವು ಲೇಖನಿ ಹಿಡಿಯಲು ಕಾರಣ ನಮ್ಮದೇ ಒಂದು ತಪ್ಪು. 2021ರ ಕೊನೆಯಲ್ಲಿ, ಕೋವಿಡ್ಡಿನ ಬಿಡುವು ಮುಗಿದು ಶಾಲೆ ಮತ್ತೆ ತೆರೆದ ಹೊಸತರಲ್ಲಿ, ಗಣಿಕೆ ಸೊಪ್ಪಿನ ಒಂದು ಸಂಯುಕ್ತಕ್ಕೆ ಅಮೆರಿಕದಲ್ಲಿ ಮನ್ನಣೆ ದೊರೆತ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಶಾಲೆಯ ವಾರ್ತಾಫಲಕಕ್ಕೆ ಮಲಯಾಳದಿಂದ ಕನ್ನಡಕ್ಕೆ ಸುದ್ದಿ ಇಳಿಸುವ ಕೆಲಸ ನಮ್ಮದು. ‘ನಮ್ಮ ಗಣಿಕೆ ಸೊಪ್ಪು: ಯಕೃತ್ತಿನ ಕ್ಯಾನ್ಸರಿಗೆ ಔಷಧ, ಅಮೆರಿಕದ ಒಪ್ಪಿಗೆ’ ಎಂದು ದಪ್ಪಕ್ಷರದಲ್ಲಿ ಬರೆದೆವು. ಹತ್ತನೆಯ ತರಗತಿಯ ಬಾಲಕನೊಬ್ಬ ಅದನ್ನು ಮನೆಗೆ ಒಯ್ದನು. ಅವನ ತಂದೆ ಯಕೃತ್ತಿನ ಕಾಯಿಲೆಯವರು. ಆಸ್ಪತ್ರೆಗೆ ಹೋಗುವುದನ್ನು ಬಿಟ್ಟು ಎರಡು ತಿಂಗಳು ಪ್ರತಿದಿನ ಬೆಳಗ್ಗೆ ಸೊಪ್ಪಿನ ರಸ ಕುಡಿದರು. ಸಂಗತಿ ತಿಳಿದು ನಾವು ಅವರ ಮನೆಗೆ ಹೋದಾಗ, ‘ಹೆಡ್‌ಮಾಸ್ತರರೇ ಬರೆದದ್ದಲ್ಲವೇ?’ ಎಂದರು. ಮರುದಿನ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಆದರೆ ಕಳೆದ ಎರಡು ತಿಂಗಳನ್ನು ಹಿಂದಕ್ಕೆ ತರುವುದು ಯಾರಿಂದ ಸಾಧ್ಯ?

ಹಾಗಾದರೆ ಸುದ್ದಿಯಲ್ಲಿ ಇದ್ದುದೇನು? ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಡಾ. ರೂಬಿ ಜಾನ್ ಆಂಟೊ ಮತ್ತು ಸಂಗಡಿಗರು ಗಣಿಕೆಯ ಎಲೆಯಿಂದ ‘ಉಟ್ರೋಸೈಡ್-ಬಿ’ ಎಂಬ ಸಂಯುಕ್ತವನ್ನು ಬೇರ್ಪಡಿಸಿ, 2016ರಲ್ಲಿ ಅದರ ಗುಣವನ್ನು ಪ್ರಕಟಿಸಿದರು. ಇದು ಸಪೋನಿನ್ ಜಾತಿಯ ವಸ್ತು; ನೀರಿನಲ್ಲಿ ಅಲುಗಾಡಿಸಿದರೆ ಅಂಟುವಾಳದಂತೆ ನೊರೆ ಕೊಡುವ ವರ್ಗ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಅರ್ಧದಷ್ಟನ್ನು ತಡೆಯಲು ಇದರ 0.5 ಮೈಕ್ರೋಮೋಲಾರ್ ಸಾಂದ್ರತೆ ಸಾಕಾಯಿತು. ಬಳಕೆಯಲ್ಲಿದ್ದ ಸೊರಾಫೆನಿಬ್ ಔಷಧಕ್ಕೆ ಬೇಕಾದುದು 5.8. ಅಂದರೆ ಸುಮಾರು ಹತ್ತು ಪಟ್ಟು ತೀಕ್ಷ್ಣ. ಇಲಿಗಳಲ್ಲಿಯೂ ಗಡ್ಡೆಯ ಬೆಳವಣಿಗೆ ಕುಗ್ಗಿತು. ನಮ್ಮ ಬಚ್ಚಲ ಬದಿಯ ಗಿಡದಿಂದ ಇಷ್ಟನ್ನು ತೆಗೆದುದು ಸಾಮಾನ್ಯ ಸಾಧನೆಯಲ್ಲ. ಇದನ್ನು ಕಿರಿದು ಮಾಡುವುದು ನಮ್ಮ ಉದ್ದೇಶವೂ ಅಲ್ಲ.

ನಾವು ಎಡವಿದುದು ‘ಆರ್ಫನ್ ಡ್ರಗ್’ ಎಂಬ ಮಾತಿನಲ್ಲಿ. ಅಕ್ಷರಶಃ ಅನಾಥ ಔಷಧ. ರೋಗಿಗಳು ಕಡಿಮೆ ಇರುವ ಕಾಯಿಲೆಗಳಿಗೆ ಔಷಧ ಹುಡುಕಲು ಕಂಪನಿಗಳು ಮುಂದೆ ಬಾರವು. ಲಾಭವಿಲ್ಲದ ಔಷಧವನ್ನು ಕೇಳುವವರಿಲ್ಲ. ಆದುದರಿಂದ ಅಮೆರಿಕದಲ್ಲಿ 1983ರಲ್ಲಿ ಒಂದು ಕಾನೂನು ಬಂತು. ಆ ದೇಶದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಜನರಿಗೆ ತಗಲುವ ರೋಗಕ್ಕೆ ಔಷಧ ಹುಡುಕುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟು. ಮುಂದೆ ಔಷಧ ಅಂಗೀಕೃತವಾದರೆ 7 ವರ್ಷಗಳ ಮಾರಾಟದ ಹಕ್ಕು ಉಂಟು. ಉಟ್ರೋಸೈಡ್-ಬಿಗೆ ದೊರೆತುದು ಈ ಸ್ಥಾನ. ಇದು ‘ಹುಡುಕಿರಿ, ನೆರವಾಗುತ್ತೇವೆ’ ಎಂಬ ಮಾತು. ‘ರೋಗಿಗೆ ಕೊಡಿರಿ’ ಎಂಬ ಅಪ್ಪಣೆಯಲ್ಲ. ಆ ಅಪ್ಪಣೆಗೆ ಮೊದಲು ಮನುಷ್ಯರಲ್ಲಿ ಹಂತಹಂತವಾಗಿ ಪರೀಕ್ಷೆ ನಡೆದು, ಎಷ್ಟು ಪ್ರಮಾಣ ಸುರಕ್ಷಿತ, ರೋಗ ನಿಜವಾಗಿ ತಗ್ಗುವುದೇ ಎಂಬುದು ಗೊತ್ತಾಗಬೇಕು. ಮೇಲಾಗಿ, ಶುದ್ಧ ಸಂಯುಕ್ತದ ಅಳತೆ ಬೇರೆ, ಅರೆದ ಸೊಪ್ಪಿನ ರಸ ಬೇರೆ. ಲೋಟದಲ್ಲಿ ಎಷ್ಟು ಉಟ್ರೋಸೈಡ್ ಇದೆಯೆಂದು ಯಾವ ಒರಳೂ ಹೇಳಲಾರದು. ಜೀರ್ಣಾಂಗವನ್ನು ದಾಟಿ ಅದು ಯಕೃತ್ತನ್ನು ಮುಟ್ಟುವುದೇ ಎಂಬುದು ಇನ್ನೊಂದು ಪ್ರಶ್ನೆ.

ಇದೇ ಗಿಡದಲ್ಲಿ ಬೇರೆ ವಸ್ತುಗಳೂ ಇವೆ. ಮೊಳಕೆಯೊಡೆದ, ಹಸುರು ಬಣ್ಣಕ್ಕೆ ತಿರುಗಿದ ಬಟಾಟೆಯಲ್ಲಿನ ವಿಷವೆಂದು ವಿಜ್ಞಾನದ ಪಾಠದಲ್ಲಿ ನಾವು ಹೇಳುವ ಸೊಲನಿನ್, 1820ರಲ್ಲಿ ಮೊದಲು ದೊರೆತುದು ಬಟಾಟೆಯಲ್ಲಿ ಅಲ್ಲ. ಯುರೋಪಿನ ಗಣಿಕೆಯ ಹಣ್ಣಿನಲ್ಲಿ. ದೆಫಾಸ್ ಎಂಬ ಫ್ರೆಂಚ್ ಔಷಧಕಾರ ಅದನ್ನು ಬೇರ್ಪಡಿಸಿದನು. ಸೊಲನಿನ್ ಹೆಚ್ಚಾದರೆ ವಾಂತಿ, ಭೇದಿ, ಹೊಟ್ಟೆನೋವು. ಹಣ್ಣಿಗಿಂತ ಹಸುರು ಕಾಯಿಯಲ್ಲಿ ಅದು ಹೆಚ್ಚು. ಮಕ್ಕಳು ಕಾಯಿ ಕಿತ್ತು ತಿನ್ನದಂತೆ ನೋಡಿಕೊಳ್ಳಬೇಕಾದುದು ಇದರಿಂದಲೇ. ಆದರೆ ತಮಿಳರು ಕಾಯಿಯನ್ನು ಉಪ್ಪುಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ಹುರಿದು ಸಾರಿಗೆ ಹಾಕುವುದೂ ಉಂಟು. ವಿಷದ ಪ್ರಮಾಣ ಗಿಡದಿಂದ ಗಿಡಕ್ಕೆ, ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಚರಕಸಂಹಿತೆಯೂ ಕಾಕಮಾಚಿಯನ್ನು ಹೊಗಳುವುದರ ಜೊತೆಗೆ, ಜೇನಿನೊಡನೆ ಸೇರಿಸಬಾರದೆಂದು ವಿರುದ್ಧಾಹಾರಗಳ ನಡುವೆ ಎಚ್ಚರಿಸುತ್ತದೆ. ಮನೆಮದ್ದು ಎಂದೊಡನೆ ನಿರಪಾಯವೆಂದು ನಂಬುವವರು ಈ ಪ್ರಾಚೀನರಿಗಿಂತ ಧೈರ್ಯವಂತರು!

ಇನ್ನೊಂದು ತೊಡಕು ನಮ್ಮ ಓದುಗರಿಗೆ ಸ್ವಾರಸ್ಯವೆನಿಸಬಹುದು. ಗಣಿಕೆ ಎಂದು ನಾವು ಕರೆಯುವುದು ಒಂದೇ ಗಿಡವಲ್ಲ. ವರ್ಣತಂತುಗಳನ್ನು ಎಣಿಸಿದವರು ಮೂರು ಜಾತಿಗಳನ್ನು ಬೇರ್ಪಡಿಸಿದ್ದಾರೆ: 24 ಇರುವ ಅಮೆರಿಕಾನಮ್, 48 ಇರುವ ವಿಲ್ಲೋಸಮ್, 72 ಇರುವ ನೈಗ್ರಮ್. ಮೊದಲನೆಯದರ ಹಣ್ಣು ಮಿನುಗುವ ಕಪ್ಪು, ಎರಡನೆಯದು ಕಿತ್ತಳೆಗೆಂಪು, ಮೂರನೆಯದು ಮಂಕಾದ ನೇರಳೆಗಪ್ಪು. ಪೇಟೆಯಲ್ಲಿ ಮೂರೂ ಒಂದೇ ಕಟ್ಟಿನಲ್ಲಿ ಬರಬಹುದು. ಯಾವುದರ ರಸವನ್ನು ಪರೀಕ್ಷಿಸಿದೆವೆಂದು ಹೇಳದ ಸಂಶೋಧನೆಗೆ ಬೆಲೆ ಕಡಿಮೆ. ಇಂಗ್ಲಿಷ್ ಪುಸ್ತಕಗಳು ಭಯಂಕರವಾಗಿ ವರ್ಣಿಸುವ ಬೆಲ್ಲಡೋನಾ ಇದೇ ಕುಟುಂಬದ ಬೇರೆ ಗಿಡ. ಅದು ನಮ್ಮ ಹಿತ್ತಿಲಿನದಲ್ಲ.

ಈಗ ನಮ್ಮ ವಿಜ್ಞಾನ ಕೊಠಡಿಯಲ್ಲಿ ವಿದ್ಯಾರ್ಥಿಗಳು ತಂದ ಗಿಡಗಳನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸಿದ್ದೇವೆ. ದೊರೆತ ಊರು, ತಿಂಗಳು, ಹಣ್ಣಿನ ಬಣ್ಣ, ಕನ್ನಡ ಮತ್ತು ಮಲಯಾಳದ ಹೆಸರುಗಳನ್ನು ಬರೆದಿದ್ದೇವೆ. ಜಾತಿಯ ಹೆಸರಿಗೆ ಇಟ್ಟ ಗೆರೆ ಖಾಲಿ ಇದೆ. ಕಾಲೇಜಿನ ಸಸ್ಯಶಾಸ್ತ್ರದ ಮಿತ್ರರು ನೋಡಿ ಹೇಳಿದ ಬಳಿಕ ತುಂಬುವೆವು. ಬಾಲಕನ ತಂದೆ ಚಿಕಿತ್ಸೆಗೆ ಹೋಗುತ್ತಿದ್ದಾರೆ. ಅವರ ಹಿತ್ತಿಲಿನ ಗಿಡವೂ ಆ ಹಾಳೆಗಳಲ್ಲಿ ಒಂದು.