ಮೂರು ಚೀಲ ರಾಗಿಯಲ್ಲಿ ಒಂದು ಕಾಳು

ಹತ್ತು ಟನ್ ರಾಗಿ ಹೇರಿದ ಲಾರಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ವಿಂಟಲ್ ಲೆಕ್ಕದಲ್ಲಿ ನೂರು ಚೀಲ. ಅಷ್ಟರಲ್ಲಿ ಒಂದೇ ಒಂದು ಕಾಳಿನ ತೂಕದಷ್ಟು, ಅಂದರೆ ಸುಮಾರು 3 ಮಿಲಿಗ್ರಾಂ, ಇರಿಡಿಯಂ ಲೋಹ ಬೆರೆತಿದೆ ಎನ್ನಿ. ಇಟಲಿಯ ಗುಬ್ಬಿಯೊ ಎಂಬ ಊರಿನ ಸುಣ್ಣಕಲ್ಲಿನಲ್ಲಿ ಇರಿಡಿಯಂ ಇರುವುದು ಅಷ್ಟೇ: ನೂರು ಕೋಟಿ ಭಾಗದಲ್ಲಿ 0.3 ಭಾಗ.

ಆ ಸುಣ್ಣಕಲ್ಲಿನ ಪದರಗಳ ನಡುವೆ ಬೆರಳಗಲದ ಜೇಡಿಯ ಗೆರೆಯೊಂದಿದೆ. ಅದರ ಕೆಳಗೆ ಡೈನೋಸಾರ್‌ಗಳ ಕಾಲ, ಮೇಲೆ ಅವು ಇಲ್ಲದ ಕಾಲ. ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್ ಆ ಜೇಡಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಬರ್ಕ್‌ಲಿಗೆ ತಂದರು. ಅದು ಕೂಡಿಕೊಳ್ಳಲು ಎಷ್ಟು ವರ್ಷ ಹಿಡಿದಿರಬಹುದು ಎಂಬುದಷ್ಟೇ ಅವರ ಪ್ರಶ್ನೆ. ಆಕಾಶದಿಂದ ಸದಾ ಉದುರುವ ಉಲ್ಕೆಯ ದೂಳಿನಲ್ಲಿ ಇರಿಡಿಯಂ ಇರುತ್ತದೆ, ಅದನ್ನೇ ಅಳೆದು ನೋಡೋಣ ಎಂದರು ತಂದೆ ಲೂಯಿಸ್ ಆಲ್ವಾರೆಜ್, 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅಳೆದವರು ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಫ್ರ್ಯಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್.

ಲಾರಿಯಲ್ಲಿ ಕಾಳು ಹುಡುಕಿದ್ದು ನ್ಯೂಟ್ರಾನ್. ಅದಕ್ಕೆ ವಿದ್ಯುದಂಶವಿಲ್ಲ, ಹಾಗಾಗಿ ಪರಮಾಣುವಿನ ನಡುವಿನ ಬೀಜದೊಳಕ್ಕೆ ತಡೆಯಿಲ್ಲದೆ ನುಗ್ಗುತ್ತದೆ. ಬರ್ಕ್‌ಲಿ ವಿಶ್ವವಿದ್ಯಾಲಯದ ರಿಯಾಕ್ಟರಿನಲ್ಲಿಟ್ಟ ಚಿಟಿಕೆ ಜೇಡಿಯ ಮೇಲೆ ನ್ಯೂಟ್ರಾನ್‌ಗಳ ಮಳೆ ಸುರಿಯಿತು. ಇರಿಡಿಯಂ-191 ಒಂದು ನ್ಯೂಟ್ರಾನ್ ನುಂಗಿ ಇರಿಡಿಯಂ-192 ಆಗುತ್ತದೆ. ಅದರ ಅರ್ಧಾಯುಷ್ಯ 74 ದಿನ. ಅಂದರೆ ಅಷ್ಟು ದಿನದಲ್ಲಿ ಅದರ ಅರ್ಧ ಪಾಲು ಗಾಮಾ ಕಿರಣ ಬಿಟ್ಟು ಬೇರೆ ಧಾತುವಾಗುತ್ತದೆ, ಆ ಕಿರಣದ ಶಕ್ತಿಯೇ ಅದರ ಗುರುತು. ಜರ್ಮೇನಿಯಂ ಪತ್ತೆಯಂತ್ರದ ಮುಂದಿಟ್ಟು ಒಂದೊಂದಾಗಿ ಎಣಿಸಿದರಾಯಿತು.

ಅಸಾರೊ ಮತ್ತು ಮಿಶೆಲ್ 1977ರಲ್ಲಿ ಇದೇ ವಿಧಾನದಿಂದ ಒಂದು ಹಿತ್ತಾಳೆ ತಗಡನ್ನೂ ಪರೀಕ್ಷಿಸಿದ್ದರು. ಇಂಗ್ಲೆಂಡಿನ ನಾವಿಕ ಫ್ರಾನ್ಸಿಸ್ ಡ್ರೇಕ್ 1579ರಲ್ಲಿ ನೆಟ್ಟುಹೋದದ್ದೆಂದು, ಕೊಲ್ಲಿಯ ಬಳಿ 1936ರಲ್ಲಿ ಸಿಕ್ಕಿದ ಆ ತಗಡನ್ನು ನಲವತ್ತು ವರ್ಷ ಕಾಪಾಡಿಕೊಂಡು ಬಂದಿದ್ದರು. ಪರೀಕ್ಷೆಯಲ್ಲಿ ಅದರ ಹಿತ್ತಾಳೆ ತೀರ ಶುದ್ಧವೆಂದು ಕಂಡಿತು. ಹದಿನಾರನೆಯ ಶತಮಾನದ ಹಿತ್ತಾಳೆಗೆ ಅಷ್ಟು ಶುದ್ಧಿ ಎಲ್ಲಿಂದ ಬರಬೇಕು! ತಗಡು ಹೊಸಗಾಲದ್ದೆಂದು ಬಯಲಾಯಿತು.

ಗುಬ್ಬಿಯೊ ಜೇಡಿಯಲ್ಲಿ ಸಿಕ್ಕಿದ್ದು ನೂರು ಕೋಟಿಗೆ 9 ಭಾಗ. ಮೂರು ಚೀಲಕ್ಕೇ ಒಂದು ಕಾಳು! ಮೂವತ್ತು ಪಟ್ಟು ಹೆಚ್ಚು. ಡೆನ್ಮಾರ್ಕಿನ ಜೇಡಿಯಲ್ಲಿ 160 ಪಟ್ಟು. ಇಷ್ಟು ಇರಿಡಿಯಂ ದೂಳಾಗಿ ಉದುರಿದ್ದಲ್ಲ, ಒಮ್ಮೆಲೇ ಬಂದದ್ದು. ಸುಮಾರು 10 ಕಿಲೋಮೀಟರ್ ಅಡ್ಡಳತೆಯ ಕ್ಷುದ್ರಗ್ರಹ ಬಡಿದಿರಬೇಕೆಂದು ನಾಲ್ವರೂ 1980ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಎವರೆಸ್ಟಿಗಿಂತ ಎತ್ತರದ ಬಂಡೆ. ಗುಣಿಸಿ ನೋಡಿದರೆ ತೂಕ ಲಕ್ಷ ಕೋಟಿ ಟನ್ನಿಗೂ ಮಿಗಿಲು. 1991ರಲ್ಲಿ ಮೆಕ್ಸಿಕೊದ ಚಿಕ್ಶುಲೂಬ್‌ನಲ್ಲಿ ಅದರ ಗುಳಿ ಗುರುತಾಯಿತು, ಅಗಲ ಸುಮಾರು 180 ಕಿಲೋಮೀಟರ್. ಜೀವಜಾತಿಗಳಲ್ಲಿ ಮುಕ್ಕಾಲು ಪಾಲು ಅಂದು ಅಳಿದವು. ಮಿಲಿಗ್ರಾಂ ಎಣಿಸಿ ಪರ್ವತ ತೂಗಿದ ಇಂಥ ಇನ್ನೊಂದು ಲೆಕ್ಕ ನಾನು ಓದಿಲ್ಲ.

ಅದು ಯಾವಾಗ ನಡೆಯಿತೆಂದು ಹೇಳಿದ್ದೂ ನ್ಯೂಟ್ರಾನೇ. ಕಲ್ಲಿನಲ್ಲಿರುವ ಪೊಟ್ಯಾಸಿಯಂ-39, ನ್ಯೂಟ್ರಾನ್ ತಗುಲಿ ಆರ್ಗಾನ್-39 ಆಗುತ್ತದೆ. ಕಲ್ಲಿನಲ್ಲಿ ಕೂಡಿಬಂದಿರುವ ಆರ್ಗಾನ್-40ನ್ನು ಅದರೊಡನೆ ಹೋಲಿಸಿದರೆ ವಯಸ್ಸು ಸಿಗುತ್ತದೆ. ಬರ್ಕ್‌ಲಿಯ ಪಾಲ್ ರೆನ್ ತಂಡ 2013ರಲ್ಲಿ ಕೊಟ್ಟ ಉತ್ತರ 6 ಕೋಟಿ 60 ಲಕ್ಷ 43 ಸಾವಿರ ವರ್ಷ, ಆಚೀಚೆ 11 ಸಾವಿರ. ಅರವತ್ತು ವರ್ಷದವರ ಹುಟ್ಟಿದ ದಿನವನ್ನು ನಾಲ್ಕೇ ದಿನದ ಹೆಚ್ಚುಕಡಿಮೆಯಲ್ಲಿ ಹೇಳಿದ ಹಾಗೆ.

ರೆನ್ ತಂಡ 2015ರಲ್ಲಿ ಇದೇ ವಿಧಾನವನ್ನು ನಮ್ಮ ದಖ್ಖನಿನ ಲಾವಾ ಕಲ್ಲಿಗೂ ಹಚ್ಚಿತು. ಆ ಬಂಡೆ ಬಡಿದ ಕಾಲದ ಆಸುಪಾಸಿನಲ್ಲೇ ಇಲ್ಲಿ ಲಾವಾ ಹರಿಯುತ್ತಿತ್ತು. ಅಳಿವಿನಲ್ಲಿ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಗೋಳಗುಮ್ಮಟ ಕಟ್ಟಿದ ಕಲ್ಲು ಆ ಲಾವಾ ಆರಿ ಆದದ್ದು. ವಿಜಯಪುರದ ರೈತರು ಇಂದು ಬಿಳಿಜೋಳ ಬಿತ್ತುವ ಎರೆಮಣ್ಣು ಆ ಕಲ್ಲು ಸವೆದು ಆದದ್ದು.